ಸಣ್ಣಪ್ಪ ಕಟ್ಟಿದ ಡೈನಮೋ

ನವಲಗುಂದದಿಂದ ಅಣ್ಣಿಗೇರಿ ಕಡೆ ಹೋಗುವ ರಸ್ತೆಯಲ್ಲಿ, ಬೀಜ-ಗೊಬ್ಬರದ ಅಂಗಡಿ ದಾಟಿದ ಮೇಲೆ, ತಗಡಿನ ಮಾಡಿನ ಎರಡು ಅಂಗಡಿಗಳು ಒಂದಕ್ಕೊಂದು ಹೆಗಲು ಹಚ್ಚಿ ನಿಂತಿವೆ. ಒಂದು ಹಸೀನಾಬಿಯ ಚಹಾದ ಅಂಗಡಿ. ಇನ್ನೊಂದು ಮರೆವ್ವನ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರು ಹೊತ್ತು ತಂದ ರೈತರಿಗೆ ಮರೆವ್ವ ಮೊದಲು ಬೈಯುತ್ತಾಳೆ, ಆಮೇಲೆ ಮೋಟಾರು ನೋಡುತ್ತಾಳೆ. ನೀರಿಲ್ಲದ ಬೋರಿನಲ್ಲಿ ಮೋಟಾರು ಓಡಿಸಿದವನಿಗೆ ಒಂದು ಬೈಗುಳ, ಸ್ವಿಚ್ಚು ಹಾಕಿ ಊಟಕ್ಕೆ ಹೋಗಿ ಕುಳಿತವನಿಗೆ ಇನ್ನೊಂದು. ಕೇಳಲಾರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಹೋದವರಲ್ಲಿ ಅನೇಕರು ಮುಖ ಸಣ್ಣದು ಮಾಡಿಕೊಂಡು ತಿರುಗಿ ಬರುತ್ತಾರೆ, ಯಾಕೆಂದರೆ ಮರೆವ್ವ ತಂತಿ ಸುತ್ತಿದ ಮೋಟಾರು ಬೇಗ ಸುಡುವುದಿಲ್ಲ.

"ಅಕ್ಕಾ, ಎಲ್ಲಾ ಮೋಟಾರಿಗೂ ಫ್ಯೂಜ್ ಹಾಕಸ್ರಿ ಅಂತೀದಿ. ನಿನ್ನ ಬಾಯಿಗೊಂದು ಹಾಕಸ್ಕೋಬಾರದ?" ಎಂದು ಹಸೀನಾಬಿ ತನ್ನ ಒಲೆಯ ಮುಂದಿನಿಂದಲೇ ಕೇಳುತ್ತಾಳೆ.

"ನಿನ್ನ ಚಹಾದಾಗ ಹಾಲ ಹಾಕು ಮೊದಲ. ಆಮ್ಯಾಲ ನನ್ನ ಬಾಯಿ ರಿಪೇರಿ ಮಾಡು."

ಮರೆವ್ವನ ಈ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೊಂದು ಊರಿದೆ, ಆ ಊರಲ್ಲೊಂದು ಬೇವಿನ ಮರವಿದೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಆ ಊರು ತಾನಾಗಿಯೇ ಅವಳ ಅಂಗಡಿಗೆ ಬಂತು, ಗೋಣಿಚೀಲದಲ್ಲಿ.

ಚೀಲ ತಂದವನು ಐವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ ಮನುಷ್ಯ. ಚೀಲವನ್ನು ಹಲಗೆಯ ಮೇಲಿಟ್ಟು ಬಿಚ್ಚಿದ. ಒಳಗೆ ದಪ್ಪ ಡಬ್ಬಿಯಂಥ ಕಬ್ಬಿಣದ ಗುಂಡು, ಒಂದು ತುದಿಗೆ ಬೆಲ್ಟು ಕೂರುವ ಚಕ್ರ. ಅದರ ಜೊತೆಗೆ ತಂತಿ ತುಂಡರಿಸಿದ ಸಣ್ಣ ಕರೀ ಪೆಟ್ಟಿಗೆ.

"ಹಳೇ ಕಾರಿನ ಡೈನಮೋ ಐತ್ರಿ ಅವ್ವಾರ, ಬಿಲಾಯತಿ ಗಾಡಿದು. ಹುಬ್ಬಳ್ಯಾಗ ಹಳೇ ಕಾರಿನ ಮೆರವಣಿಗಿ ಐತಿ. ಗಾಡಿಗೆ ಮೊದಲು ಇದ್ದ ಸಾಮಾನ ಇರಬೇಕಂತ ಕರಾರು. ಅಲ್ಲಿ ಮಿಸ್ತ್ರಿಗಳು ಇದನ್ನ ಒಗದು ಹೊಸಾದು ಹಾಕಸ್ರಿ ಅಂತಾರ. ಒಬ್ಬಾವ ನಿಮ್ಮ ಹೆಸರು ಹೇಳಿದ."

ಮರೆವ್ವ ಸೆರಗಿನ ತುದಿಗೆ ಸೀಮೆಎಣ್ಣೆ ಹಚ್ಚಿ ಡೈನಮೋದ ಹಿಂಬದಿ ಒರೆಸಿದಳು. ಜಿಡ್ಡಿನ ಕೆಳಗೆ ಸಾಲಾಗಿ ಮೂರು ಚುಕ್ಕೆಗಳು ಕಂಡವು, ಉಳಿಯಿಂದ ಹೊಡೆದವು. ಅವಳ ಗಂಡ ಸಣ್ಣಪ್ಪ ತಾನು ಮಾಡಿದ ಕೆಲಸಕ್ಕೆಲ್ಲ ಹಾಗೆ ಮೂರು ಚುಕ್ಕೆ ಹೊಡೆಯುತ್ತಿದ್ದ.

"ಯಾವೂರು?"

"ಎರೆಕೊಪ್ಪ."

"ಯಾರ ಮಗ?"

"ಹೊಳೆಪ್ಪಗೌಡ್ರ ಮಗ ರೀ. ಸುಭಾಸ ಅಂತ."

ಮರೆವ್ವ ಡೈನಮೋವನ್ನು ಎರಡೂ ಕೈಯಿಂದ ಅವನ ಹೊಟ್ಟೆಯ ಕಡೆಗೆ ದೂಡಿದಳು. "ಒಯ್ಯಿ. ಇದನ್ನ ಕಟ್ಟಿದಾವ ಕಳ್ಳಂತ. ಕಳ್ಳನ ಹೇಣ್ತಿ ಕೈಯಾಗ ಯಾಕ ಕೊಡ್ತಿ? ನಿಮ್ಮಪ್ಪನ್ನ ಕೇಳ್ಕೊಂಡು ಬಾ."

ಸುಭಾಸನಿಗೆ ಯಾವ ಕಳ್ಳನೆಂದು ತಿಳಿಯಲಿಲ್ಲ. ಆ ಸಂಗತಿ ನಡೆದಾಗ ಅವನು ಅಂಗಿಯಿಲ್ಲದೆ ಅಂಗಳದಲ್ಲಿ ಓಡಾಡುವ ಹುಡುಗ.

ಸಂಗತಿ ಇಷ್ಟು. ಎರೆಕೊಪ್ಪದಲ್ಲಿ ಆಗ ಕಾರೆಂದರೆ ಹೊಳೆಪ್ಪಗೌಡನದೊಂದೇ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದ ಕೇರಿಯ ಸಣ್ಣಪ್ಪನೇ ಅದರ ವೈದ್ಯ. ಬೆಳಿಗ್ಗೆ ಗೌಡರ ಅಂಗಳಕ್ಕೆ ಹೋದರೆ ಕಾರಿನ ಅಡಿಯಲ್ಲೇ ಮಲಗಿರುತ್ತಿದ್ದ, ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಒಂದು ವರ್ಷ ಮಳೆಗಾಲದಲ್ಲಿ ಅವನು ಡೈನಮೋ ಬಿಚ್ಚಿ, ಹಳೆಯ ತಂತಿಯನ್ನೆಲ್ಲ ತೆಗೆದು, ಹೊಸದಾಗಿ ಕಟ್ಟಿದ. ಕಾರು ಓಡಿದರೆ ಡೈನಮೋ ತಿರುಗಬೇಕು, ಡೈನಮೋ ತಿರುಗಿದರೆ ಬ್ಯಾಟರಿ ತುಂಬಬೇಕು. ತುಂಬುತ್ತಿತ್ತು. ಮಹಾನವಮಿ ಕಳೆಯಿತು. ಹಬ್ಬ ಮುಗಿದು ಗಾಡಿ ಹೊರಗೆ ತೆಗೆದ ಮೇಲೆ ದೀಪ ಮಂಕಾಯಿತು, ಡೈನಮೋ ಸುಟ್ಟ ವಾಸನೆ ಬಂತು. ಹುಬ್ಬಳ್ಳಿಯಲ್ಲಿ ಯಾರೋ ಮಿಸ್ತ್ರಿ ಅದನ್ನು ಬಿಚ್ಚದೆಯೇ ಮೂಸಿ ನೋಡಿ, ಒಳಗೆ ತಾಮ್ರ ಕಡಿಮೆ ಹಾಕಿದ್ದಾರೆಂದು ಹೇಳಿದನಂತೆ.

ಹೊಳೆಪ್ಪಗೌಡ ಬಸ್ ನಿಲ್ಲುವ ಬೇವಿನ ಮರದ ಕೆಳಗೆ ಸಣ್ಣಪ್ಪನನ್ನು ಕರೆಸಿದ. ಬಸ್ಸಿಗೆ ಕಾದವರು, ಬಸ್ಸಿನಿಂದ ಇಳಿದವರು ನೋಡುತ್ತಿರುವಾಗ ಕಪಾಳಕ್ಕೆ ಹೊಡೆದ. "ತಾಂಬ್ರ ಕದ್ದ ಕಳ್ಳ" ಎಂದ. ಸಣ್ಣಪ್ಪ ಹೇಳಿದ್ದು ಒಂದೇ ಮಾತು: "ಬಿಚ್ಚಿ ನೋಡ್ರಿ, ಧಣೇರ."

ಯಾರೂ ಬಿಚ್ಚಲಿಲ್ಲ. ಕಪಾಳಕ್ಕೆ ಹೊಡೆದ ಮೇಲೆ ಬಿಚ್ಚಿ ನೋಡುವುದು ಯಾರಿಗೆ ಬೇಕು? ಡೈನಮೋ ಗೌಡರ ಅಟ್ಟ ಸೇರಿತು, ಕಾರು ಕೊಟ್ಟಿಗೆ ಸೇರಿತು. ಸಣ್ಣಪ್ಪನಿಗೆ ಎರೆಕೊಪ್ಪದಲ್ಲಿ ಇಸ್ತ್ರಿಪೆಟ್ಟಿಗೆ ಕೂಡ ರಿಪೇರಿಗೆ ಯಾರೂ ಕೊಡದಂತಾಯಿತು. ಗಂಡ-ಹೆಂಡತಿ ನವಲಗುಂದಕ್ಕೆ ಬಂದರು. ಅವನು ಕಟ್ಟುತ್ತಿದ್ದ, ಅವಳು ಎದುರು ಕುಳಿತು ತಂತಿ ಹಿಡಿಯುತ್ತಿದ್ದಳು, ಹಿಡಿಯುತ್ತ ಹಿಡಿಯುತ್ತ ಕಟ್ಟುವುದನ್ನೂ ಕಲಿತಳು. ಕೆಮ್ಮಿ ಕೆಮ್ಮಿ ಸಾಯುವವರೆಗೂ ಅವನು ಆ ಬೇವಿನ ಮರದ ಮಾತೆತ್ತಲಿಲ್ಲ.

ಮರೆವ್ವ ಎತ್ತಿದಳು. ನೀರಿನ ನಲ್ಲಿಯಲ್ಲಿ, ರೇಶನ್ ಸರದಿಯಲ್ಲಿ, ಯಮನೂರಿಗೆ ಹೋಗುವ ಟೆಂಪೋದಲ್ಲಿ, ಎರೆಕೊಪ್ಪದವರು ಯಾರು ಸಿಕ್ಕರೂ ನನ್ನ ಗಂಡ ಕದ್ದಿಲ್ಲ ಎಂದು ಜಗಳ ತೆಗೆದಳು. ಆದರೆ ಅವಳ ಹೊಟ್ಟೆಯೊಳಗೆ ಒಂದು ಮುಳ್ಳಿತ್ತು. ಕಪಾಳಕ್ಕೆ ಹೊಡೆಸಿಕೊಳ್ಳುವ ಮುಂಚೆ, ಅದೇ ತಿಂಗಳು, ಸಣ್ಣಪ್ಪ ಮನೆಗೆ ಒಂದು ತಾಮ್ರದ ಕೊಡ ತಂದಿದ್ದ. "ಎಲ್ಲಿಂದು?" ಎಂದರೆ "ತಂದೆ" ಎಂದಿದ್ದ, ಅಷ್ಟೇ. ಮಣ್ಣಿನ ಗಡಿಗೆಯೇ ಗತಿಯಾಗಿದ್ದ ಮನೆ ಅದು. ಕಪಾಳದ ಸಂಗತಿ ಆದ ಮೇಲೆ ಅವಳು ಎರಡನೆಯ ಸಲ ಕೇಳಲಿಲ್ಲ, ಡೈನಮೋದ ತಾಮ್ರ ಮಾರಿ ತಂದೆ ಎಂದಾನೆಂದು ಹೆದರಿ. ಊರೆಲ್ಲರ ಜೊತೆ ಅವನ ಪರವಾಗಿ ಜಗಳಾಡಿದಳು; ಅವನು ತಂದ ಕೊಡವನ್ನು ಹೊರಸಿನ ಕೆಳಗೆ ಬೋರಲು ಹಾಕಿದಳು. ಒಂದು ದಿನವೂ ಅದರಿಂದ ನೀರು ಕುಡಿಯಲಿಲ್ಲ.

ಈಗ ಆ ಡೈನಮೋ, ಅಂದಿನಿಂದ ಯಾರೂ ಬಿಚ್ಚದ್ದು, ಹಲಗೆಯ ಮೇಲೆ ಕುಳಿತಿತ್ತು. ಅದರೊಳಗೆ ತಾಮ್ರ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಸುಭಾಸ ಚೀಲ ಎತ್ತಿಕೊಂಡು ರಸ್ತೆಗೆ ಇಳಿದಿದ್ದ.

"ಏ!" ಮರೆವ್ವ ಕೂಗಿದಳು. "ತಾ ಇಲ್ಲಿ. ಆದರ ನಾ ಬಿಚ್ಚೂ ಮುಂದ ನೀ ಇಲ್ಲೇ ಕುಂತಿರಬೇಕು. ಕಣ್ಣು ಅತ್ತಿತ್ತ ಹೋತಂದ್ರ ನಿನ್ನ ಸಾಮಾನ ಚರಂಡಿಗೆ ಒಗೀತೀನಿ."

ಉದ್ದನೆಯ ಎರಡು ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮರೆವ್ವ ಬುಡಕ್ಕೆ ಸೀಮೆಎಣ್ಣೆ ಬಿಟ್ಟಳು, ಕಾದಳು, ಮರದ ಸುತ್ತಿಗೆಯಿಂದ ತಟ್ಟಿದಳು, ಮತ್ತೆ ಕಾದಳು. ಸುಭಾಸ ಗಡಿಯಾರ ನೋಡಿಕೊಂಡ. "ಗಡಿಯಾರ ಅಲ್ಲ, ಇಲ್ಲಿ ನೋಡು" ಎಂದಳು. ಬೋಲ್ಟು ಸಡಿಲಾದವು. ಹಿಂಬದಿಯ ಮುಚ್ಚಳ ಬಂತು. ತಾಮ್ರದ ಪಟ್ಟಿಗೆ ಉಜ್ಜಿಕೊಂಡು ಕರೆಂಟು ಹೊರಗೆ ತರುವ ಎರಡು ಕಾರ್ಬನ್ ತುಂಡುಗಳು ಸವೆದು ಉಗುರಿನಷ್ಟಾಗಿದ್ದವು. ದಂಡ ತಿರುಗುವ ಹಿತ್ತಾಳೆಯ ಬುಶ್ ಅಲ್ಲಾಡುತ್ತಿತ್ತು. ಇವೆಲ್ಲ ಸಣ್ಣ ರೋಗ. ಅವಳು ಆರ್ಮೇಚರನ್ನು, ಎಂದರೆ ತಂತಿ ಸುತ್ತಿದ ಒಳಗಿನ ಉರುಳೆಯನ್ನು, ಹೊರಗೆಳೆದಳು.

ಸುಟ್ಟ ವಾಸನೆ ಇಷ್ಟು ವರ್ಷವಾದರೂ ಒಳಗೇ ಕುಳಿತಿತ್ತು. ಉರುಳೆ ಕಪ್ಪಾಗಿತ್ತು. ವಾರ್ನಿಷು ಹೊಟ್ಟಾಗಿ ಉದುರಿತು. ಮರೆವ್ವ ಉರುಳೆಯಲ್ಲಿ ತಂತಿ ಕೂರುವ ಒಂದು ಸೀಳಿನ ಬಾಯಿಗೆ ಹೊಡೆದಿದ್ದ ಬಿದಿರಿನ ಚಕ್ಕೆಯನ್ನು ಮೀಟಿ ತೆಗೆದಳು. ಕೆಳಗೆ ದಪ್ಪನೆಯ ತಂತಿ, ಎಳೆಗೆ ಎಳೆ ಅಂಟಿ, ಸೂಜಿ ಹೋಗಲು ಎಡೆಯಿಲ್ಲದಂತೆ ತುಂಬಿತ್ತು. ಇನ್ನೊಂದು ಚಕ್ಕೆ ತೆಗೆದಳು. ಅಲ್ಲೂ ಹಾಗೇ. ಒಂದೂ ಬಿಡದೆ ಎಲ್ಲ ತೆಗೆದು ನೋಡಿದಳು. ಆಮೇಲೆ ಚಿಮಟಿಗೆ ಕೆಳಗಿಟ್ಟಳು.

"ಏನಾತ ಅಕ್ಕಾ?" ಹಸೀನಾಬಿ ಒಲೆ ಬಿಟ್ಟು ಬಂದಳು.

"ತಾಂಬ್ರ ಐತಿ."

"ಎಷ್ಟೈತಿ?"

"ಇನ್ನೊಂದೆಳಿ ಹಿಡಿಯಾಂಗಿಲ್ಲ, ಅಷ್ಟೈತಿ." ಮರೆವ್ವ ಉರುಳೆಯನ್ನು ಸುಭಾಸನ ಮೂಗಿನ ಹತ್ತಿರ ಹಿಡಿದಳು. "ನೋಡಿದ್ಯೇನು? ಕಣ್ಣಾರೆ ನೋಡಿದ್ಯೇನು?"

ಸುಭಾಸ ನೋಡಿದ. ಆದರೆ ಅವನೂ ಗೌಡರ ಮಗನೇ. "ತಾಂಬ್ರ ಬರೋಬರಿ ಇದ್ರ ಮತ್ತ ಸುಟ್ಟಿದ್ಯಾಕ? ಕಳ್ಳ ಅಲ್ಲದಿದ್ರ ಅಡ್ನಾಡಿ ಮಿಸ್ತ್ರಿ ಇರಬೇಕಲ್ಲ."

ಹಸೀನಾಬಿ ಗ್ಲಾಸು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಮರೆವ್ವ ಬೈಯಲಿಲ್ಲ. ಮಾತು ಕೆಟ್ಟದ್ದಾದರೂ ಪ್ರಶ್ನೆ ಸರಿಯಿತ್ತು. ಅವಳು ಕರೀ ಪೆಟ್ಟಿಗೆ ಎಳೆದುಕೊಂಡು ಮುಚ್ಚಳ ತೆಗೆದಳು. ಅದಕ್ಕೆ ಕಟೌಟ್ ಎನ್ನುತ್ತಾರೆ. ಅದೊಂದು ಸಣ್ಣ ಬಾಗಿಲು. ಡೈನಮೋದ ಕರೆಂಟು ಬ್ಯಾಟರಿಗೆ ಹೋಗುವಾಗ ತೆರೆಯಬೇಕು, ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ಮುಚ್ಚಬೇಕು. ಇಲ್ಲಿ ಬಾಗಿಲಿನಲ್ಲಿ ತಾಗಿ ಬಿಡುವ ಎರಡು ಲೋಹದ ಚುಕ್ಕಿಗಳು ಕರಗಿ ಒಂದಕ್ಕೊಂದು ಬೆಸೆದುಹೋಗಿದ್ದವು. ಬಾಗಿಲು ಮುಚ್ಚಿಯೇ ಇಲ್ಲ. ಗಾಡಿ ನಿಂತಾಗಲೆಲ್ಲ ಬ್ಯಾಟರಿ ತನ್ನ ಜೀವವನ್ನೆಲ್ಲ ಡೈನಮೋಕ್ಕೆ ಹರಿಸಿ ಅದನ್ನು ಸುಟ್ಟಿದೆ.

"ಇದು ಕರಗಿದ್ದಕ್ಕ ಅದು ಸುಟ್ಟೈತಿ," ಎಂದಳು.

"ಇದು ಯಾಕ ಕರಗಿತು?"

"ಅದು ಇಲ್ಲಿ ಕಾಣಾಂಗಿಲ್ಲ. ಗಾಡಿ ನೋಡಬೇಕು. ಇದನ್ನ ಕಟ್ಟಿಕೊಂಡು ನಾನ ಬರ್ತೀನಿ ನಿಮ್ಮೂರಿಗೆ. ಬಂದಾಗ ನಿಮ್ಮಪ್ಪ ಅಂಗಳದಾಗ ಇರಬೇಕು. ಇಲ್ಲಂದ್ರ ಕೈ ಹಚ್ಚಾಂಗಿಲ್ಲ."

ಉರುಳೆ ಕಟ್ಟಲು ಎರಡು ಜೋಡಿ ಕೈ ಬೇಕು. ಒಬ್ಬರು ಉರುಳೆ ತಿರುಗಿಸುತ್ತ ತಂತಿಯನ್ನು ಸೀಳುಗಳಲ್ಲಿ ಕೂರಿಸಬೇಕು, ಇನ್ನೊಬ್ಬರು ಎದುರು ಕುಳಿತು ತಂತಿಯನ್ನು ಒಂದೇ ಬಿಗಿಯಲ್ಲಿ ಹಿಡಿದಿರಬೇಕು. ಸಣ್ಣಪ್ಪ ಹೋದ ಮೇಲೆ ಎದುರು ಕೂರುವವಳು ಹಸೀನಾಬಿ, ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ.

"ಬಿಗಿ ಹಿಡಿ."

"ಹಿಡದೇನಿ."

"ಇದು ಬಿಗಿ? ಸೊಸಿ ಕೈ ಹಿಡದಂಗ ಹಿಡದಿ."

"ನನ್ನ ಸೊಸಿ ಕೈ ನಾ ಹ್ಯಾಂಗ ಹಿಡೀತೀನಿ ಅಂತ ನಿನಗೇನ ಗೊತ್ತ? ಆಕಿನ್ನ ಕೇಳು, ಕೈ ಇನ್ನೂ ನೂಸತೈತಿ ಅಂತಾಳ."

ಸುಟ್ಟ ತಂತಿಯನ್ನು ಮರೆವ್ವ ತುಂಡು ತುಂಡಾಗಿ ಎಳೆದು ತೆಗೆದು ಒಂದು ಬಟ್ಟೆಯ ಚೀಲದಲ್ಲಿ ಹಾಕಿದಳು. ನೆಲಕ್ಕೆ ಬಿದ್ದ ಚೂರನ್ನೂ ಆರಿಸಿದಳು. ಸೀಳುಗಳನ್ನು ಕೆರೆದು, ಒಳಪದರಕ್ಕೆ ಹಾಳೆ ಮಡಚಿಟ್ಟು, ಗಂಡ ಸುತ್ತಿದ ಹಾದಿಯಲ್ಲೇ ಹೊಸ ತಂತಿ ಸುತ್ತಿದಳು. ತುದಿಗಳನ್ನು ತಾಮ್ರದ ಪಟ್ಟಿಗಳಿಗೆ ಬೆಸುಗೆ ಹಾಕಿದಳು. ಬಳಿಕ ಕರೆಂಟಿನ ಅಯಸ್ಕಾಂತದ ಮೇಲೆ ಉರುಳೆಯನ್ನಿಟ್ಟು, ಹ್ಯಾಕ್ಸಾ ಬ್ಲೇಡನ್ನು ಅದರ ಮೈಮೇಲೆ ಆಡಿಸಿದಳು. ಒಳಗೆಲ್ಲಾದರೂ ತಂತಿಗೆ ತಂತಿ ತಾಗಿದ್ದರೆ ಅಲ್ಲಿ ಬ್ಲೇಡು ಗುಂಯ್‌ಗುಟ್ಟುತ್ತದೆ. ಒಂದು ಕಡೆ ಗುಂಯ್‌ಗುಟ್ಟಿತು.

"ನೀ ಸಡಲ ಬಿಟ್ಟಿ," ಎಂದಳು.

"ನೀ ಗೀರಿದಿ," ಎಂದಳು ಹಸೀನಾಬಿ.

ಗೀರಿದ್ದು ಮರೆವ್ವನೇ. ಚಿಮಟಿಗೆಯ ಮೂಗು ತಾಗಿ ತಂತಿಯ ಮೇಲಿನ ಬಣ್ಣ ಹೋಗಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆ ಭಾಗವನ್ನೆಲ್ಲ ಬಿಚ್ಚಿ ಹೊಸದಾಗಿ ಸುತ್ತಿದಳು. ವಾರ್ನಿಷು ಕುಡಿಸಿ ಮಾಡಿನ ತಗಡಿನ ಮೇಲೆ ಬಿಸಿಲಿಗಿಟ್ಟಳು. ಹೊಸ ಕಾರ್ಬನ್, ಹೊಸ ಬುಶ್ ಹಾಕಿದಳು. ಕಟೌಟಿನ ಚುಕ್ಕಿಗಳನ್ನು ಬಿಡಿಸಿ, ಉಜ್ಜಿ, ಹದಕ್ಕೆ ತಂದಳು. ಮೂರು ಚುಕ್ಕೆಯ ಪಕ್ಕದಲ್ಲಿ ತಾನೇನೂ ಗುರುತು ಹೊಡೆಯಲಿಲ್ಲ.

ಸುಭಾಸ ಬಂದು ಡೈನಮೋ ಒಯ್ದು ಗಾಡಿಗೆ ಕೂರಿಸಿದ; ತಾನು ಬರುವವರೆಗೆ ಎಂಜಿನ್ ಶುರು ಮಾಡಬೇಡವೆಂದು ಮರೆವ್ವ ತಾಕೀತು ಮಾಡಿದ್ದಳು. ಮರುದಿನ ಮರೆವ್ವ ಬಟ್ಟೆಯ ಚೀಲ ಬಗಲಲ್ಲಿಟ್ಟುಕೊಂಡು ಎರೆಕೊಪ್ಪದ ಬಸ್ಸು ಹತ್ತಿದಳು.

"ಬಾಯಿ ಸಂಭಾಳಿಸು," ಎಂದು ಹಸೀನಾಬಿ ಕೂಗಿದಳು.

"ಬಾಯಿ ಒಯ್ಯಾಕ ಹೊಂಟೇನಿ," ಎಂದಳು ಮರೆವ್ವ ಕಿಟಕಿಯಿಂದ.

ಕಡಲೆ ಹೊಲಗಳ ನಡುವೆ ಬಸ್ಸು ಹೋಗುವಷ್ಟು ಹೊತ್ತೂ ಅವಳು ಎದುರಿನ ಸೀಟಿನ ಕಂಬಿ ಬಿಡಲಿಲ್ಲ. ಎರೆಕೊಪ್ಪ ಬಿಟ್ಟ ಮೇಲೆ ಅವಳು ಅಲ್ಲಿ ಕಾಲಿಟ್ಟಿರಲಿಲ್ಲ. ಬೇವಿನ ಮರ ಹಾಗೇ ಇತ್ತು, ಇನ್ನೂ ಹರಡಿತ್ತು. ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಅವಳು ಅದನ್ನು ನೋಡಿಯೂ ನೋಡದಂತೆ ಗೌಡರ ಮನೆಗೆ ನಡೆದಳು.

ಕರೀ ಕಾರು ಅಂಗಳದಲ್ಲಿತ್ತು. ಪಡಸಾಲೆಯಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಹೊಳೆಪ್ಪಗೌಡ ಕುಳಿತಿದ್ದ. ಹಣ್ಣು ಮುದುಕನಾಗಿದ್ದ, ದನಿ ಮಾತ್ರ ಗಟ್ಟಿಯಾಗಿತ್ತು.

"ಸುಭಾಸ, ಯಾರಲೇ ಅಕಿ?"

"ಡೈನಮೋ ಕಟ್ಟಿದಾಕಿ ಅಪ್ಪಾ."

"ಸಣ್ಣ್ಯಾನ ಹೇಣ್ತಿ," ಎಂದು ಮರೆವ್ವ ತಾನೇ ಹೇಳಿದಳು. "ಗುರ್ತು ಸಿಕ್ಕಿರಬೇಕಲ್ರಿ ಗೌಡ್ರ."

"ಓಹೋ, ಆ ಕಳ್ಳನ ಹೇಣ್ತಿ! ಕದ್ದ ತಾಂಬ್ರ ತಿರಿಗಿ ಕೊಡಾಕ ಬಂದ್ಯೇನಬೇ?"

"ಹೌದ್ರಿ, ತಂದೇನಿ." ಅವಳು ಬಟ್ಟೆಯ ಚೀಲ ಬಿಚ್ಚಿ ಸುಟ್ಟ ತಂತಿ ತೋರಿಸಿದಳು. "ನಿಮ್ಮ ಡೈನಮೋದಾಗಿದ್ದ ತಾಂಬ್ರ ಇದು. ಒಂದೆಳಿ ಕಡಿಮಿಲ್ಲ. ನಿಮ್ಮ ಮಗನ ಕಣ್ಣ ಮುಂದ ಬಿಚ್ಚೇನಿ."

"ಗುಜರಿ ಅಂಗಡ್ಯಾಗ ಇಂಥಾದ್ದು ಬೇಕಾದಷ್ಟು ಸಿಗತೈತಿ. ನನ್ನ ಮಗನ ಕಣ್ಣಿಗೆ ಮಣ್ಣು ಹಾಕಿದ್ಯಂದ್ರ ನನಗೂ ಹಾಕ್ತೀಯೇನು?"

ಈ ಮಾತು ಬರುತ್ತದೆಂದು ಮರೆವ್ವನಿಗೆ ಗೊತ್ತಿತ್ತು. ಬಂದದ್ದು ತಾಮ್ರ ತೋರಿಸಲಿಕ್ಕಲ್ಲ, ಅದು ಯಾಕೆ ಸುಟ್ಟಿತೆಂದು ಹುಡುಕಲಿಕ್ಕೆ. ಕಾರಿನ ಬಾನೆಟ್ಟು ಎತ್ತಿಸಿ, ಬ್ಯಾಟರಿಯ ಮೇಲೆ ಬಗ್ಗಿದಳು. ಬ್ಯಾಟರಿ ಹೊಸದು, ಸುಭಾಸ ತಂದು ಹಾಕಿದ್ದು. ಆದರೆ ಅದಕ್ಕೆ ಕಚ್ಚುವ ಪಟ್ಟಿಗಳು ಗಾಡಿಯ ಜೊತೆ ಬಂದ ಹಳೆಯವು. ಬ್ಯಾಟರಿಗೆ ಎರಡು ಮೊಳೆ ಇರುತ್ತವೆ. ಪ್ಲಸ್ ಮೊಳೆ ಕೊಂಚ ದಪ್ಪ, ಮೈನಸ್ ಮೊಳೆ ಕೊಂಚ ತೆಳು. ಪಟ್ಟಿಗಳ ಬಾಯಿಯೂ ಅದಕ್ಕೆ ತಕ್ಕಂತೆ ಇರುತ್ತದೆ. ಗಾಡಿಯ ಮೈಗೆ ಹೋಗುವ ಪಟ್ಟಿ ಮೈನಸ್ ಮೊಳೆಗೆ ಕಚ್ಚಿತ್ತು, ಅದರ ಬಾಯಿ ಅಗಲ. ಸಡಿಲಾಗಬಾರದೆಂದು ಎಡೆಯಲ್ಲಿ ಒಂದು ತಗಡಿನ ಚೂರು ಮಡಚಿ ತುರುಕಿದ್ದರು. ಇನ್ನೊಂದು ಪಟ್ಟಿಯ ಬಾಯಿ ಕಿರಿದು. ಅದನ್ನು ಉಳಿಯಿಂದ ಅಗಲಿಸಿ ಪ್ಲಸ್ ಮೊಳೆಗೆ ಹೊಡೆದು ಕೂರಿಸಿದ್ದರು.

ಅವಳು ನೆಟ್ಟಗೆ ನಿಂತಳು. "ಈ ಪಟ್ಟಿ ಯಾರು ಕೂಡಿಸಿದ್ದು?"

"ನಾನ ರೀ," ಎಂದ ಸುಭಾಸ. "ಹಳೇದು ಹ್ಯಾಂಗಿತ್ತೋ ಹಂಗ, ಆ ತಗಡಿನ ಚೂರ ಸಮೇತ."

"ಹಳೇದು ಯಾರು ಕೂಡಿಸಿದ್ದು? ಈ ಗಾಡಿಗೆ ಮೈಗೆ ಪ್ಲಸ್ ಬರಬೇಕು. ಟ್ರ್ಯಾಕ್ಟರಿನಂಗ ಅಲ್ಲ ಇದು. ಸಣ್ಣಪ್ಪ ಎಂದೂ ಹಿಂಗ ಹಾಕಾವಲ್ಲ. ತಿರುವುಮುರುವು ಹಾಕಿದ್ರ ಡೈನಮೋ ಬ್ಯಾಟರಿನ್ನ ತುಂಬೂದಿಲ್ಲ, ಅದರ ಜೋಡಿ ಜಗಳಕ್ಕ ನಿಲ್ಲತೈತಿ. ಕಟೌಟಿನ ಚುಕ್ಕಿ ಕರಗೂದು ಆವಾಗ."

ಮರೆವ್ವ ತಗಡಿನ ಚೂರನ್ನು ಎಳೆದು ತೆಗೆದಳು. ಒಳಮೈ ಬೆಳ್ಳಗಿತ್ತು, ಹೊರಗೆ ಇಣುಕಿದ್ದ ಭಾಗದಲ್ಲಿ ಹಸಿರು ಬಣ್ಣ ಉಳಿದಿತ್ತು. ಬಣ್ಣದ ಮೇಲೆ ಆನೆಯ ಸೊಂಡಿಲಿನ ತುದಿ.

ಇಷ್ಟು ಹೊತ್ತು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಗೌಡನ ಹೆಂಡತಿ ಸುಶೀಲವ್ವ ಮೊರ ಕೆಳಗಿಟ್ಟು ಎದ್ದು ಬಂದಳು. ಚೂರನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಇದು ನನ್ನ ಡಬ್ಬಿ."

"ಏನ ಡಬ್ಬಿ? ಒಳಗ ನಡಿ," ಎಂದ ಗೌಡ.

"ನನ್ನ ತವರಮನಿ ಚಹಾಪುಡಿ ಡಬ್ಬಿ. ಆನಿ ಚಿತ್ರದ ಮುಚ್ಚಳ. ಮುಚ್ಚಳ ಕದ್ಲು ಅಂತ ನಾ ಕಸಾ ಹೊಡಿಯೂ ಮಲ್ಲಿಕಾನ್ನ ಕೆಲಸ ಬಿಡಿಸಿದ್ದೆ. ಅತ್ತು ಕರದು ಹೋದ್ಲು ಅಕಿ. ನೀವ ಕತ್ತರಿಸಿ, ಬಾಯಿ ಮುಚ್ಕೊಂಡು ಕುಂತಿದ್ರಿ?"

"ಏ, ಯಾವಾಗಿನ ಮಾತು..."

"ಮಹಾನವಮಿದು! ನನಗ ನೆಪ್ಪಿಲ್ಲ ಅನಕೊಂಡ್ರೇನು?" ಸುಶೀಲವ್ವನ ದನಿ ಏರಿತು. ಅದರಲ್ಲಿ ಮರೆವ್ವನ ಮೇಲಿನ ಕನಿಕರ ಒಂದಿಷ್ಟೂ ಇರಲಿಲ್ಲ. ಗಂಡನ ಮೇಲೆ ಕೂಡಿಟ್ಟ ಸಿಟ್ಟು ಬೇಕಾದಷ್ಟಿತ್ತು. "ಖಂಡೇ ಪೂಜಿಗೆ ಬ್ಯಾಟರಿ ಬಿಚ್ಚಿ ಮಣಿ ಮ್ಯಾಲೆ ಇಟ್ಟಿದ್ರಿ. ವಿಭೂತಿ ಬಡದು, ಕುಂಕುಮ ಬಡದು, ಮ್ಯಾಲೆ ಏನ ಬರದೈತಿ ಅನ್ನೂದೂ ಕಾಣದಂಗ ಮಾಡಿದ್ರಿ. ಮರುದಿನ ಆ ಮಿಸ್ತ್ರಿನ್ನ ಕರಸ್ರಿ ಅಂದೆ. ಪೂಜಿ ಆದ ಸಾಮಾನ ಅವನ ಕೈಲೆ ಮುಟ್ಟಸಬಾರದು ಅಂತ ನೀವ ಹೋಗಿ ಕೂಡಿಸಿದ್ರಿ. ಟ್ರ್ಯಾಕ್ಟರಿಗೆ ಕೂಡಿಸಿದಂಗ ಕೂಡಿಸಿದ್ರಿ!"

ಮರೆವ್ವ ಬಾನೆಟ್ಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ವರ್ಷದುದ್ದಕ್ಕೂ ಆ ಬ್ಯಾಟರಿಯ ಆಮ್ಲದಲ್ಲಿ ಸಣ್ಣಪ್ಪನ ಬೆರಳು ಸುಲಿಯುತ್ತಿದ್ದವು. ಆ ಒಂದು ದಿನ ಮಾತ್ರ ಅವನ ಕೈ ಆಗಿಬಂದಿರಲಿಲ್ಲ.

ಗೌಡ ದಿಂಬು ತಳ್ಳಿ ಎದ್ದು ಕುಳಿತ. "ಬ್ಯಾಟರಿ ತಿರುವಿದ್ರ ಡೈನಮೋ ಸುಡತೈತಂತ! ಎಲ್ಲಾ ಸುಳ್ಳು. ಅದು ಅಂದೂ ನಡೀಲಿಲ್ಲ, ಇಂದೂ ನಡಿಯಾಂಗಿಲ್ಲ."

"ನಡಸಿ ತೋರಸ್ತೀನಿ," ಎಂದಳು ಮರೆವ್ವ. "ಆದರ ಇಲ್ಲಲ್ಲ. ಬೇವಿನ ಗಿಡದ ಬುಡಕ."

"ಎಲ್ಲಿ ಬೇಕಾದ್ರೂ ತೋರಸು! ಊರೆಲ್ಲಾ ನೋಡ್ಲಿ, ಗಂಡ ಕಳ್ಳ, ಹೇಣ್ತಿ ಸುಳ್ಳಿ ಅಂತ. ಸುಭಾಸ, ನನ್ನ ಕೈ ಹಿಡಿ. ಗಾಡ್ಯಾಗ ಕುಂದರಸು."

ಸುಭಾಸ ಬೇಡವೆಂದ. ಮುದುಕ ಕೇಳಲಿಲ್ಲ. ಅವನನ್ನು ಬೇವಿನ ಮರಕ್ಕೆ ಕರೆದೊಯ್ದದ್ದು ಅವನ ಸಿಟ್ಟೇ. ಎಂಜಿನ್ ಶುರುವಾದರೆ ಡೈನಮೋ ಮತ್ತೆ ಸುಟ್ಟೀತೆಂದು ಮರೆವ್ವ ಕಾರನ್ನು ಆಳುಗಳಿಂದ ತಳ್ಳಿಸಿ, ಹಿಂದೆ ನಡೆದು ಬಂದಳು. ಸುಶೀಲವ್ವ ಚೂರನ್ನು ಮುಷ್ಟಿಯಲ್ಲಿಟ್ಟುಕೊಂಡು ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆ ಬಂದಳು.

ಕರೀ ಕಾರು ಹೊರಬಿದ್ದದ್ದೇ ತಡ, ಜನ ಸೇರಿದರು. ಬಸ್ಸಿಗೆ ಕಾದವರು, ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕುತ್ತಿದ್ದ ಮುದುಕರು, ಶೇಂಗಾ ಮಾರುವವಳು. ಅಂದು ಕಪಾಳಕ್ಕೆ ಹೊಡೆದದ್ದನ್ನು ಕಂಡವರು ಒಂದಿಬ್ಬರು ಅಲ್ಲಿದ್ದರು. ಒಬ್ಬ ಮೈಲಾರಿ, ಈಗ ಕೋಲೂರಿ ನಡೆಯುವವನು. ಮರೆವ್ವನನ್ನು ನೋಡಿದವನೇ, "ಇಕಿ ಸಣ್ಣಪ್ಪನ ಹೇಣ್ತಿ ಅಲ್ಲೇನು?" ಎಂದ. ಯಾರೋ ಅವನನ್ನು ಸುಮ್ಮನಾಗಿಸಿದರು.

ಮರೆವ್ವ ಎರಡೂ ಪಟ್ಟಿ ಬಿಚ್ಚಿದಳು. ಬ್ಯಾಟರಿಯನ್ನು ತಿರುಗಿಸಿದಳು. ಗಾಡಿಯ ಮೈಯ ಪಟ್ಟಿಯನ್ನು ದಪ್ಪ ಮೊಳೆಗೆ ಇಳಿಸಿದಳು. ತಗಡಿಲ್ಲದೆ, ಬೆರಳಿಗೆ ಉಂಗುರ ಕೂತ ಹಾಗೆ ಕೂತಿತು. ಅಗಲಿಸಿದ ಇನ್ನೊಂದು ಪಟ್ಟಿಯನ್ನು ಒತ್ತಿ ತೆಳು ಮೊಳೆಗೆ ಬಿಗಿದಳು. ಹೊಸದಾಗಿ ಕಟ್ಟಿದ ಡೈನಮೋಕ್ಕೆ ಯಾವ ದಿಕ್ಕಿಗೆ ಕರೆಂಟು ಕೊಡಬೇಕೆಂದು ತಿಳಿದಿರುವುದಿಲ್ಲ, ಒಮ್ಮೆ ತಿಳಿಸಬೇಕು. ಅದರ ಸಣ್ಣ ತಂತಿ ಬಿಚ್ಚಿ, ಬ್ಯಾಟರಿಯಿಂದ ಬೇರೊಂದು ತಂತಿ ತಂದು ಆ ಜಾಗಕ್ಕೆ ಮುಟ್ಟಿಸಿದಳು. ಚಟ್ ಎಂದು ಕಿಡಿ ಹಾರಿತು. ಅಷ್ಟೇ. ಸಣ್ಣ ತಂತಿಯನ್ನು ಮತ್ತೆ ಸಿಕ್ಕಿಸಿ, "ಶುರು ಮಾಡು," ಎಂದಳು.

ಎಂಜಿನ್ ಕೆಮ್ಮಿತು, ಹಿಡಿಯಿತು. ಸುಭಾಸ ಕಾಲೊತ್ತಿದ. ಗೌಡ ಅವನ ಪಕ್ಕದ ಸೀಟಿನಲ್ಲಿ, ಬ್ಯಾಟರಿ ತುಂಬುತ್ತಿದೆಯೇ ಎಂದು ತೋರಿಸುವ ಮೀಟರು ಕಣ್ಣೆದುರಿಗೆ. ಮುಳ್ಳು ನಡುವಿನಲ್ಲಿ ನಡುಗುತ್ತ ನಿಂತಿತು. ಆಮೇಲೆ ಪ್ಲಸ್ ಕಡೆಗೆ ಸರಿದು ಅಲ್ಲೇ ನಿಂತಿತು.

"ಅಪ್ಪಾ, ಚಾರ್ಜ್ ಆಗಾಕತ್ತು!" ಸುಭಾಸ ಸಣ್ಣ ಹುಡುಗನಂತೆ ಕೂಗಿದ.

ಗೌಡ ಮುಳ್ಳನ್ನೇ ನೋಡಿದ. ಬೆರಳಿನಿಂದ ಗಾಜಿಗೆ ತಟ್ಟಿದ. ಮುಳ್ಳು ಅಲ್ಲಾಡಲಿಲ್ಲ. ಮರೆವ್ವ ಕಿಟಕಿಗೆ ಬಂದು ನಿಂತಳು.

"ಅನ್ರಿ."

"ಏನ ಅನ್ನಬೇಕಬೇ?"

"ಅಂದು ಇಲ್ಲಿ ನಿಂತು ಏನಂದಿದ್ರೋ ಅದು ಸುಳ್ಳಂತ ಅನ್ರಿ. ಅಂದೂ ಮಂದಿ ಇತ್ತು, ಇಂದೂ ಮಂದಿ ಐತಿ."

ಗೌಡ ಮುಂದಿನ ಗಾಜಿನ ಕಡೆ ಮುಖ ತಿರುಗಿಸಿ, ಗೊಣಗಿದಂತೆ ಹೇಳಿದ: "ಸಣ್ಣ್ಯಾ ಬರೋಬರಿ ಕಟ್ಟಿದ್ದ. ಆತು? ಸುಭಾಸ, ಗಾಡಿ ತಗಿ."

ಮರೆವ್ವ ತೆರೆದಿದ್ದ ಬಾನೆಟ್ಟಿನೊಳಗೆ ಕೈ ಹಾಕಿ ಸಣ್ಣ ತಂತಿಯನ್ನು ಕಿತ್ತಳು. ಎಂಜಿನ್ ಓಡುತ್ತಲೇ ಇತ್ತು, ಮುಳ್ಳು ಮಾತ್ರ ದೊಪ್ಪನೆ ಬಿತ್ತು. ತಂತಿಯ ತುದಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ನಿಂತಳು.

"ಸಣ್ಣ್ಯಾ ಅಲ್ಲ."

"ಏನು ಸೊಕ್ಕಬೇ ನಿಂದು!"

"ಮಿಸ್ತ್ರಿಗೆ ಒಂದು ಹೆಸರಿತ್ತು, ಗೌಡ್ರ. ಅದನ್ನ ಅನ್ರಿ."

"ಅಪ್ಪಾ, ಅನ್ರಲಾ," ಎಂದ ಸುಭಾಸ. ಹಿಂದಿನಿಂದ ಸುಶೀಲವ್ವ, "ಅಂದ್ರ ಬಾಯೇನ ಬೀಳಾಂಗಿಲ್ಲ," ಎಂದಳು.

ಗೌಡ ಮುಂದಿನ ಗಾಜಿನ ಕಡೆಗೇ ಮುಖವಿಟ್ಟು, "ಸಣ್ಣಪ್ಪ," ಎಂದ.

"ಕೇಳಲಿಲ್ಲ. ಎಂಜಿನ್ ಸಪ್ಪಳ ಭಾಳ ಐತಿ."

"ಸಣ್ಣಪ್ಪ ಕದ್ದಿಲ್ಲ!" ಮುದುಕ ಕಿರುಚಿದ, ಕಲ್ಲು ಎಸೆದ ಹಾಗೆ. ಕಟ್ಟೆಯ ತುದಿಯಲ್ಲಿ ಕುಳಿತವರೆಗೂ ಕೇಳಿಸಿತು.

ಮರೆವ್ವ ತಂತಿ ಸಿಕ್ಕಿಸಿದಳು. ಮುಳ್ಳು ಎದ್ದಿತು. ಅವನು ಕ್ಷಮೆ ಕೇಳಲಿಲ್ಲ. ಅವಳೂ ಅದನ್ನು ಕೊಡಲು ಬಂದಿರಲಿಲ್ಲ. ಬಗಲಿನ ಬಟ್ಟೆಯ ಚೀಲವನ್ನು ಕಿಟಕಿಯಿಂದ ಅವನ ತೊಡೆಯ ಮೇಲೆ ಸುರುವಿದಳು. ಸುಟ್ಟ ತಂತಿಯ ಚೂರುಗಳು ಬಿಳೀ ಧೋತರದ ತುಂಬ ಹರಡಿದವು.

"ನಿಮ್ಮ ತಾಂಬ್ರ. ಇಟ್ಕೊಳ್ರಿ. ಇಲ್ಲಂದ್ರ ಮತ್ತ ನಾ ಕದ್ದೆ ಅಂದೀರಿ."

ನವಲಗುಂದದ ಬಸ್ಸು ಬಂತು. ಅವಳು ಹತ್ತಿ ಕುಳಿತಳು. ಮೈಲಾರಿ ಕೋಲೆತ್ತಿ ಏನೋ ಹೇಳಿದ, ಅವಳು ಆ ಕಡೆ ನೋಡಲಿಲ್ಲ. ಅಂದು ನೋಡುತ್ತ ನಿಂತವರಲ್ಲಿ ಅವನೂ ಒಬ್ಬ.

ಅಂಗಡಿಯ ಹಿಂದಿನ ಖೋಲಿಯಲ್ಲಿ ಮರೆವ್ವ ಹೊರಸಿನ ಕೆಳಗೆ ಕೈ ಹಾಕಿ ಕೊಡ ಎಳೆದಳು. ಹಸಿರು ಕಿಲುಬು ಹಿಡಿದು, ಹೊಟ್ಟೆಯಲ್ಲಿ ಜೇಡನ ಬಲೆ ತುಂಬಿತ್ತು. ಹುಣಸೆಹಣ್ಣು, ಉಪ್ಪು ತಂದು ಬಚ್ಚಲಕಲ್ಲಿನ ಮೇಲೆ ತಿಕ್ಕತೊಡಗಿದಳು. ಹಸೀನಾಬಿ ಬಂದು ಬಾಗಿಲಿಗೊರಗಿದಳು.

"ಅಂದ್ನೇನು?"

"ಅಂದ."

"ಹ್ಯಾಂಗಂದ?"

"ನಾಯಿ ಬೊಗಳಿದಂಗ ಅಂದ."

"ನೀ ಏನಂದಿ?"

"ಇನ್ನೊಂದ್ಸಲ ಬೊಗಳು ಅಂದೆ."

ಹಸೀನಾಬಿ ನಕ್ಕಳು. ಆಮೇಲೆ ಕೊಡ ನೋಡಿದಳು. "ಇದೆಲ್ಲಿತ್ತ ಅಕ್ಕಾ? ಎಂದೂ ಕಂಡಿಲ್ಲ ನಾ. ಯಾರ ಕೊಟ್ಟಿದ್ದು?"

"ಆ ಸತ್ತಾವನ್ನ ಕೇಳು." ಮರೆವ್ವ ಕೊಡದ ಕುತ್ತಿಗೆ ಹಿಡಿದು ಇನ್ನೂ ಜೋರಾಗಿ ತಿಕ್ಕಿದಳು. ಕಿಲುಬಿನ ಕೆಳಗಿಂದ ಕೆಂಪು ಬಣ್ಣ ಹೊರಬರುತ್ತಿತ್ತು. "ಎಲ್ಲಿಂದ ತಂದ್ಯೋ ಮಾರಾಯಾ ಅಂದ್ರ, ತಂದೆ ಅಂದ. ಪ್ಯಾಟ್ಯಾಗ ಕೊಂಡೆ ಅಂದಿದ್ರ ನಾಲಿಗಿ ಸವೀತಿತ್ತೇನು? ಯಾರೋ ಕೂಲಿ ಬದಲಿ ಕೊಟ್ರು ಅಂದಿದ್ರ ಗಂಟಲ ಹರೀತಿತ್ತೇನು? ಮೋಟಾರಿನ ಜೋಡಿ ತಾಸುಗಟ್ಟಲೆ ಮಾತಾಡಾಂವ, ಹೇಣ್ತಿ ಜೋಡಿ ಒಂದು ಮಾತಿಗೆ ಬರ. ಇಷ್ಟು ವರ್ಷ ನನ್ನ ಹೊಟ್ಟ್ಯಾಗ..."

ಮಾತು ಅಲ್ಲಿಗೇ ನಿಂತಿತು, ಕೈ ನಿಲ್ಲಲಿಲ್ಲ. ಹಸೀನಾಬಿ ನಲ್ಲಿಯ ನೀರು ತಂದು ಕೊಡಕ್ಕೆ ಸುರಿದಳು. ಮರೆವ್ವ ತೊಳೆದಳು, ಚೆಲ್ಲಿದಳು, ಮತ್ತೆ ತೊಳೆದಳು. ಮೂರನೆಯ ಸಲ ತುಂಬಿಸಿ, ಬಾಯಿ ಹಚ್ಚಿ ಗಟಗಟ ಕುಡಿದಳು. ಗದ್ದದಿಂದ ನೀರು ಸೋರಿ ಕುಪ್ಪಸ ನೆನೆಯಿತು.

ಅಷ್ಟರಲ್ಲಿ ಹೊರಗೆ ಯಾರೋ ದೊಪ್ಪನೆ ಮೋಟಾರು ಇಳಿಸಿದ ಸದ್ದಾಯಿತು. "ಮರೆವ್ವಾರ, ಸುಟ್ಟು ಹೋತ್ರಿ!" ಎಂದು ಒಬ್ಬ ರೈತ ಕೂಗಿದ.

"ಸುಡಲಾರದ ಏನು ಮಾಡೀತು?" ಮರೆವ್ವ ಬಾಯಿ ಒರೆಸಿಕೊಂಡು ಎದ್ದಳು. "ಸ್ವಿಚ್ಚು ಹಾಕಿ ಎಲ್ಲಿ ಹೋಗಿದ್ದಿ, ಮಾವನ ಮನಿಗೆ?"